ಟಿ-ಸ್ಕೋರ್ ಮೈನಸ್ 2.7 ಬಂದಿದೆ, ಕ್ಯಾಲ್ಸಿಯಂ ಒಂದೇ ಸಾಕಾ? ಸಾವಿತ್ರಕ್ಕನಿಗೆ ಉತ್ತರ

ಸಾವಿತ್ರಕ್ಕ, ಕೈತೋಟದ ಗುಂಪಿನಲ್ಲಿ ಇಂಥದ್ದು ಕೇಳಬಹುದಾ ಅಂತ ಸಂಕೋಚಪಟ್ಟು ಬರೆದಿದ್ದೀರಿ. ಧಾರಾಳವಾಗಿ ಕೇಳಿ. ಮಣ್ಣು ಹೊರುವುದು, ಬಗ್ಗುವುದು, ಒದ್ದೆ ಅಂಗಳದಲ್ಲಿ ಓಡಾಡುವುದು ನಮ್ಮೆಲ್ಲರ ಕೆಲಸವೇ ಅಲ್ವಾ. ನಾನು ಮೂಳೆ ಸ್ಕ್ಯಾನ್ ಮಾಡುವ ಕೋಣೆಯಲ್ಲೇ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವಳು. ಡಾಕ್ಟರ್ ಅಲ್ಲ. ಹಾಗಾಗಿ ರಿಪೋರ್ಟ್ ಓದುವುದು ಹೇಗೆ, ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದನ್ನು ಬರೆಯುತ್ತೇನೆ. ಔಷಧಿ ಯಾವುದು ಅನ್ನುವ ತೀರ್ಮಾನ ಅವರದ್ದೇ.

ನೀವು ಹೇಳಿದ್ದು ಇಷ್ಟು: ವಯಸ್ಸು 61, ಮುಟ್ಟು ನಿಂತಿದ್ದು 46ಕ್ಕೆ. ಹೋದ ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಈಗ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಬೆನ್ನು ಮೈನಸ್ 1.9, ತೊಡೆಮೂಳೆಯ ಕುತ್ತಿಗೆ (ಸೊಂಟದ ಕೀಲಿನ ಹತ್ತಿರದ ಸಣ್ಣ ಭಾಗ) ಮೈನಸ್ 2.7, ಇಡೀ ಸೊಂಟದ ಕೀಲು ಮೈನಸ್ 2.3. ಡಾಕ್ಟರು ಮೂಳೆ ಸವೆಯುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆ ವಾರಕ್ಕೊಂದು ಬರೆದಿದ್ದಾರೆ. ನಿಮಗೆ ಗ್ಯಾಸ್ಟ್ರಿಕ್ ಇದೆ. ಮಾತ್ರೆ ತಗೊಂಡರೆ ದವಡೆ ಕೊಳೆಯುತ್ತದೆ, ಕ್ಯಾಲ್ಸಿಯಂ ಮತ್ತು ರಾಗಿ ಸಾಕು ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಗುಂಪಿನಲ್ಲೂ ನಾಲ್ಕೈದು ಜನ ಅದನ್ನೇ ಬರೆದಿದ್ದಾರೆ.

ನೇರವಾಗಿ ಹೇಳುತ್ತೇನೆ. ನಿಮ್ಮ ವಿಷಯದಲ್ಲಿ ಕ್ಯಾಲ್ಸಿಯಂ ಒಂದೇ ಸಾಲದು.

ಟಿ-ಸ್ಕೋರ್ ಅಂದರೆ ನಿಮ್ಮ ಮೂಳೆಯ ಸಾಂದ್ರತೆ ಆರೋಗ್ಯವಂತ ಯುವತಿಯ ಸರಾಸರಿಗಿಂತ ಎಷ್ಟು ಕೆಳಗಿದೆ ಅನ್ನುವ ಲೆಕ್ಕ. ಮೈನಸ್ 1ರ ತನಕ ಸಹಜ. ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯ, ಅಂದರೆ ಸಾಂದ್ರತೆ ಸ್ವಲ್ಪ ಕಮ್ಮಿ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು. ಪಕ್ಕದಲ್ಲೇ ಇರುವ ಝಡ್-ಸ್ಕೋರ್ ನಿಮ್ಮದೇ ವಯಸ್ಸಿನವರ ಜೊತೆ ಹೋಲಿಸುತ್ತದೆ. ಅದು ಮೈನಸ್ 1.2 ಅಂತ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಮುಟ್ಟು ನಿಂತ ಮೇಲೆ ನೋಡಬೇಕಾದದ್ದು ಟಿ-ಸ್ಕೋರ್. ಮೂರು ಜಾಗದಲ್ಲಿ ಮೂರು ಅಂಕಿ ಬಂದಾಗ ಸರಾಸರಿ ತೆಗೆಯುವುದಿಲ್ಲ, ಎಲ್ಲಕ್ಕಿಂತ ಕೆಳಗಿರುವುದೇ ಲೆಕ್ಕಕ್ಕೆ ಬರುತ್ತದೆ. ನಿಮ್ಮದರಲ್ಲಿ ಅದು ತೊಡೆಮೂಳೆಯ ಕುತ್ತಿಗೆಯ ಮೈನಸ್ 2.7.

ಬೆನ್ನಿನ ಮೈನಸ್ 1.9 ನೋಡಿ "ಬೆನ್ನಾದರೂ ಚೆನ್ನಾಗಿದೆ" ಅಂದಿದ್ದೀರಿ. ನೀವು ಹಾಕಿದ ರಿಪೋರ್ಟಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಬೆನ್ನೆಲುಬಿನ ನಾಲ್ಕು ಮೂಳೆಗಳ ಅಂಕಿ ಬೇರೆ ಬೇರೆ ಇದೆ: ಎಲ್-1 ಮೈನಸ್ 2.6, ಎಲ್-2 ಮೈನಸ್ 2.4, ಎಲ್-3 ಮೈನಸ್ 2.5, ಎಲ್-4 ಮಾತ್ರ ಮೈನಸ್ 0.1. ಒಂದೇ ಬೆನ್ನಿನಲ್ಲಿ ಒಂದು ಮೂಳೆ ಮಾತ್ರ ಇಷ್ಟು ಗಟ್ಟಿ ಇರುವುದಿಲ್ಲ. ವಯಸ್ಸಾದ ಹಾಗೆ ಬೆನ್ನೆಲುಬಿನ ಅಂಚಿನಲ್ಲಿ ಸುಣ್ಣ ಕಟ್ಟಿ ಮುಳ್ಳಿನ ಹಾಗೆ ಬೆಳೆಯುತ್ತದೆ. ಯಂತ್ರ ಅದನ್ನೂ ಮೂಳೆ ಅಂತಲೇ ಎಣಿಸುತ್ತದೆ. ಮೂಳೆ ಕುಸಿದು ಚಪ್ಪಟೆಯಾಗಿದ್ದರೂ ಅಂಕಿ ಮೇಲೇರುತ್ತದೆ, ಯಾಕೆಂದರೆ ಅಷ್ಟೇ ಸುಣ್ಣ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರುತ್ತದೆ. ಅಕ್ಕಪಕ್ಕದ್ದಕ್ಕಿಂತ ಒಂದಂಕಿಗೂ ಹೆಚ್ಚು ವ್ಯತ್ಯಾಸ ಇರುವ ಮೂಳೆಯನ್ನು ಬಿಟ್ಟು ಲೆಕ್ಕ ಹಾಕುವುದು ಪದ್ಧತಿ. ಎಲ್-4 ಬಿಟ್ಟರೆ ನಿಮ್ಮ ಬೆನ್ನೂ ಮೈನಸ್ 2.5ರ ಹತ್ತಿರ ಬರುತ್ತದೆ. ಇದನ್ನು ಡಾಕ್ಟರಿಗೆ ತೋರಿಸಿ, "ಬೆನ್ನಿನ ಪಕ್ಕದ ಎಕ್ಸ್-ರೇ ಬೇಕಾ?" ಅಂತ ಕೇಳಿ. ಬೆನ್ನೆಲುಬಿನ ಮುರಿತ ಎಷ್ಟೋ ಸಲ ನೋವೇ ಇಲ್ಲದೆ ಆಗಿಹೋಗಿರುತ್ತದೆ. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಮ್ಮಿಯಾಗಿದ್ದರೆ ಎಕ್ಸ್-ರೇ ಮಾಡಿಸಲೇಬೇಕು. ಗೋಡೆಗೆ ಬೆನ್ನು ಒತ್ತಿ ನಿಂತು ಅಳೆಸಿಕೊಳ್ಳಿ.

ಸ್ಕ್ಯಾನ್‌ಗಿಂತ ದೊಡ್ಡ ಸುಳಿವು ನಿಮ್ಮ ಮಣಿಕಟ್ಟು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಮೂಳೆಯಲ್ಲೇ ಬಲ ಇಲ್ಲ ಅಂತ ಅನುಮಾನಿಸಬೇಕು. ನಮ್ಮಲ್ಲಿ ಏನಾಗುತ್ತದೆ ಅಂದರೆ, ಬಿದ್ದರು, ಪ್ಲಾಸ್ಟರ್ ಅಥವಾ ಪುತ್ತೂರು ಕಟ್ಟು ಹಾಕಿಸಿಕೊಂಡರು, ಕೂಡಿತು, ಮುಗಿಯಿತು. ಯಾಕೆ ಮುರಿಯಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಈ ವಿಷಯದಲ್ಲಿ ತುಂಬಾ ಸಂಕಟವಾಗುತ್ತದೆ. ಸೊಂಟ ಮುರಿದು ಸ್ಟ್ರೆಚರ್ ಮೇಲೆ ಬಂದವರನ್ನು ಕೇಳಿದರೆ, "ಹಿಂದೆ ಒಮ್ಮೆ ಕೈ ಮುರಿದಿತ್ತು" ಅನ್ನುತ್ತಿದ್ದರು. ಆ ಕೈ ಮುರಿದಾಗಲೇ ಚಿಕಿತ್ಸೆ ಶುರುವಾಗಬೇಕಿತ್ತು. ನಿಮಗೆ ಮುರಿತವೂ ಆಗಿದೆ, ಅಂಕಿಯೂ ಮೈನಸ್ 2.5 ದಾಟಿದೆ. ಔಷಧಿ ಬೇಕಾ ಅನ್ನುವ ಪ್ರಶ್ನೆ ಇಲ್ಲಿ ಉಳಿದಿಲ್ಲ, ಯಾವ ಔಷಧಿ ಅನ್ನುವುದಷ್ಟೇ ಉಳಿದಿದೆ.

ಬರೀ ಆಸ್ಟಿಯೋಪೀನಿಯ ಇರುವವರ ದಾರಿ ಬೇರೆ. ಅವರೆಲ್ಲರಿಗೂ ಮಾತ್ರೆ ಬೇಕಿಲ್ಲ. ಫ್ರ್ಯಾಕ್ಸ್ ಅಂತ ಒಂದು ಲೆಕ್ಕ ಇದೆ, ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು. ವಯಸ್ಸು, ತೂಕ, ಹಿಂದಿನ ಮುರಿತ, ತಂದೆ ತಾಯಿಯ ಸೊಂಟ ಮುರಿದಿತ್ತಾ, ಸ್ಟೀರಾಯ್ಡ್ ಮಾತ್ರೆ ಇವನ್ನೆಲ್ಲ ಹಾಕಿದರೆ ಮುಂದಿನ 10 ವರ್ಷದಲ್ಲಿ ಮುರಿಯುವ ಸಂಭವ ಎಷ್ಟು ಅಂತ ಹೇಳುತ್ತದೆ. ಭಾರತದವರಿಗೇ ಬೇರೆ ಲೆಕ್ಕವೂ ಅದರಲ್ಲಿದೆ. ಇನ್ನು ಉಚಿತ ಕ್ಯಾಂಪುಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರದಲ್ಲಿ ಬಂದ ಅಂಕಿಗೆ ಈ ಮೈನಸ್ 2.5ರ ಗೆರೆ ಅನ್ವಯಿಸುವುದಿಲ್ಲ. ಅಲ್ಲಿ ಕಮ್ಮಿ ಬಂದರೆ ಡೆಕ್ಸಾ ಮಾಡಿಸಿ, ಅಷ್ಟೇ.

ಔಷಧಿ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಆಗಿದೆಯಾ? ನೀವು ಬರೆದಿಲ್ಲ. ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯೇಟಿನಿನ್, ವಿಟಮಿನ್ ಡಿ, ಥೈರಾಯ್ಡ್ ಇಷ್ಟಾದರೂ ಬೇಕು. ನಮ್ಮ ಹೆಂಗಸರಲ್ಲಿ ವಿಟಮಿನ್ ಡಿ ತೀರಾ ಕಮ್ಮಿ ಇರುವವರು ಬಹಳ. ಅದರಿಂದ ಮೂಳೆ ಮೆತ್ತಗಾದರೂ ಸ್ಕ್ಯಾನ್‌ನಲ್ಲಿ ಅಂಕಿ ಇಳಿಯುತ್ತದೆ, ಅದಕ್ಕೆ ಚಿಕಿತ್ಸೆ ಬೇರೆ. ವಿಟಮಿನ್ ಡಿ ಸರಿ ಮಾಡದೆ ಮೂಳೆಯ ಇಂಜೆಕ್ಷನ್ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಥಟ್ಟನೆ ಇಳಿದು ಕೈಕಾಲು ಸೆಳೆತ ಬರಬಹುದು. ಹಾಗಂತ 60,000 ಯೂನಿಟ್ಟಿನ ಸ್ಯಾಶೆಯನ್ನು ವಾರಕ್ಕೊಂದರಂತೆ ವರ್ಷಗಟ್ಟಲೆ ಕುಡಿಯಬೇಡಿ. ಸಾಮಾನ್ಯವಾಗಿ ಎಂಟು ವಾರ ಕೊಟ್ಟು ಆಮೇಲೆ ತಿಂಗಳಿಗೊಂದಕ್ಕೆ ಇಳಿಸುತ್ತಾರೆ. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು.

ಅಲೆಂಡ್ರೊನೇಟ್ ಹಳೆಯದು, ಅಗ್ಗದ್ದು, ಕೆಲಸ ಮಾಡುವಂಥದ್ದು. ನಿಮ್ಮಂಥವರಲ್ಲಿ ಬೆನ್ನೆಲುಬಿನ ಮುರಿತವನ್ನೂ ಸೊಂಟದ ಮುರಿತವನ್ನೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಆದರೆ ತಗೊಳ್ಳುವ ರೀತಿ ತಪ್ಪಿದರೆ ಏನೂ ಪ್ರಯೋಜನ ಇಲ್ಲ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಿ. ಕಾಫಿ, ಹಾಲು, ಕಷಾಯ, ಬೇರೆ ಮಾತ್ರೆ ಯಾವುದೂ ಅರ್ಧ ಗಂಟೆ ಕೂಡದು. ಆ ಅರ್ಧ ಗಂಟೆ ಮಲಗಬಾರದು, ಬಗ್ಗಿ ಕಳೆ ಕೀಳಲೂ ಬಾರದು. ಮಾತ್ರೆ ಅನ್ನನಾಳದಲ್ಲಿ ಕೂತರೆ ಹುಣ್ಣು ಮಾಡುತ್ತದೆ. ನಿಂತು ಗಿಡಕ್ಕೆ ನೀರು ಹಾಕಿ, ಸಮಯ ಹೋಗಿದ್ದೇ ಗೊತ್ತಾಗುವುದಿಲ್ಲ.

ನಿಮಗೆ ಎದೆಯುರಿ, ಹುಳಿತೇಗು ಜಾಸ್ತಿ ಇದ್ದರೆ ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಝೋಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ಇದೆ, ಅದು ಹೊಟ್ಟೆಯ ದಾರಿಯಲ್ಲಿ ಹೋಗುವುದೇ ಇಲ್ಲ. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಪ್ಯಾರಸಿಟಮಾಲ್ ಹಾಕಿಕೊಂಡು, ನೀರು ಚೆನ್ನಾಗಿ ಕುಡಿದರೆ ಹೋಗುತ್ತದೆ. ಎರಡಕ್ಕೂ ಕಿಡ್ನಿ ಚೆನ್ನಾಗಿರಬೇಕು. ಕ್ರಿಯೇಟಿನಿನ್ ನೋಡುವುದು ಅದಕ್ಕೇ.

ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಬಗ್ಗೆ ಒಂದು ಎಚ್ಚರಿಕೆಯ ಮಾತು. ಔಷಧಿ ಒಳ್ಳೆಯದೇ. ಆದರೆ ನಡುವೆ ನಿಲ್ಲಿಸಿದರೆ, ಉಳಿಸಿದ ಮೂಳೆ ಬೇಗನೆ ಕರಗಿಹೋಗುತ್ತದೆ. ಒಂದರ ಹಿಂದೆ ಒಂದರಂತೆ ಬೆನ್ನೆಲುಬು ಕುಸಿದವರಿದ್ದಾರೆ. ಊರಿಗೆ ಹೋಗಿದ್ದೆ, ದುಡ್ಡು ಹೊಂದಲಿಲ್ಲ ಅಂತ ಡೋಸ್ ತಪ್ಪಿಸಬಾರದು. ನಿಲ್ಲಿಸಲೇಬೇಕಾದರೆ ಬೇರೆ ಔಷಧಿ ಶುರು ಮಾಡಿಸಿಕೊಂಡೇ ನಿಲ್ಲಿಸಬೇಕು. ಅಮ್ಮನಿಗೋ ಅತ್ತೆಗೋ ಈ ಇಂಜೆಕ್ಷನ್ ನಡೆಯುತ್ತಿದ್ದರೆ ದಿನಾಂಕ ಕ್ಯಾಲೆಂಡರ್ ಮೇಲೆ ಈಗಲೇ ಬರೆದಿಡಿ.

ತುಂಬಾ ಕೆಟ್ಟ ಸ್ಥಿತಿಯಲ್ಲಿ, ಬೆನ್ನೆಲುಬು ಎರಡು ಮೂರು ಕಡೆ ಕುಸಿದಿದ್ದರೆ, ಮೂಳೆ ಹೊಸದಾಗಿ ಕಟ್ಟುವ ಟೆರಿಪ್ಯಾರಟೈಡ್ ಕೊಡುತ್ತಾರೆ. ದಿನಾ ಮನೆಯಲ್ಲೇ ಪೆನ್ನಿನಂಥ ಸಿರಿಂಜಿನಲ್ಲಿ, ಸಾಮಾನ್ಯವಾಗಿ ಎರಡು ವರ್ಷದೊಳಗೆ. ಮುಗಿದ ಮೇಲೆ ಮೇಲಿನ ಔಷಧಿಗಳಲ್ಲಿ ಒಂದು ಬೇಕೇ ಬೇಕು, ಇಲ್ಲದಿದ್ದರೆ ಗಳಿಸಿದ್ದು ಹೋಗುತ್ತದೆ. ರಾಲಾಕ್ಸಿಫೀನ್ ಅನ್ನುವ ಮಾತ್ರೆ ಬೆನ್ನಿಗೆ ಒಳ್ಳೆಯದು, ಸೊಂಟ ಉಳಿಸುವ ಭರವಸೆ ಅದಕ್ಕಿಲ್ಲ. ಹಾರ್ಮೋನ್ ಚಿಕಿತ್ಸೆ ಮುಟ್ಟು ನಿಂತ ಹತ್ತು ವರ್ಷದೊಳಗೆ, 60 ದಾಟದವರಿಗೆ ಯೋಚಿಸುವಂಥದ್ದು. ಚಿಕ್ಕ ವಯಸ್ಸಿಗೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡ ತಂಗಿಯರು ಈ ಗುಂಪಿನಲ್ಲಿದ್ದರೆ ದಯವಿಟ್ಟು ಸ್ತ್ರೀರೋಗ ತಜ್ಞರ ಹತ್ತಿರ ಇದನ್ನು ಕೇಳಿ. ನಿಮ್ಮ ಮೂಳೆ ಸವೆಯುವುದು ಆ ಆಪರೇಷನ್ ದಿನದಿಂದಲೇ ಶುರುವಾಗಿರುತ್ತದೆ.

ಈಗ ದವಡೆಯ ಭಯ. ಸುಳ್ಳಲ್ಲ, ಆದರೆ ಬಹಳ ಅಪರೂಪ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇದೇ ಝೋಲೆಡ್ರೊನಿಕ್ ಆಸಿಡ್ 4 ಮಿಲಿಗ್ರಾಂ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ದವಡೆ ಸಮಸ್ಯೆ ಹೆಚ್ಚು ಕಂಡಿದ್ದು ಅವರಲ್ಲಿ. ನಿಮಗೆ ಡ್ರಿಪ್ ಕೊಟ್ಟರೂ ವರ್ಷಕ್ಕೆ ಒಂದೇ ಸಲ. ಹುಳುಕು ಹಲ್ಲು, ಕೀಳಿಸಬೇಕಾದ ಹಲ್ಲು ಇದ್ದರೆ ಮೊದಲೇ ಮುಗಿಸಿಕೊಳ್ಳಿ, ಆಮೇಲೆ ಹಲ್ಲಿನ ಡಾಕ್ಟರಿಗೆ ಈ ಔಷಧಿಯ ಹೆಸರು ಹೇಳಿ. ಬಹಳ ವರ್ಷ ತಗೊಂಡವರಲ್ಲಿ ತೊಡೆಮೂಳೆ ಅಡ್ಡಕ್ಕೆ ಬಿರುಕು ಬಿಡುವುದೂ ಅಪರೂಪಕ್ಕೆ ಉಂಟು. ತೊಡೆ ಅಥವಾ ತೊಡೆಸಂದಿಯಲ್ಲಿ ಹೊಸದಾಗಿ ನೋವು ಬಂದರೆ ತೋರಿಸಿ. ಅದಕ್ಕೇ ಮಾತ್ರೆಯಾದರೆ ಐದು ವರ್ಷ, ಡ್ರಿಪ್ ಆದರೆ ಮೂರು ವರ್ಷ ಆದ ಮೇಲೆ ಮತ್ತೆ ನೋಡಿ, ಅಪಾಯ ಇಳಿದಿದ್ದರೆ ಸ್ವಲ್ಪ ಕಾಲ ಬಿಡುವು ಕೊಡುತ್ತಾರೆ. ಡೆನೊಸುಮ್ಯಾಬ್‌ಗೆ ಮಾತ್ರ ಈ ಬಿಡುವು ಇಲ್ಲ.

ರಾಗಿ ಬಿಡಬೇಡಿ. ದಿನಕ್ಕೆ ನಿಮಗೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240 ಇದೆ. ಮೊಸರು, ಎಳ್ಳು, ನಿಮ್ಮ ಹಿತ್ತಲಿನ ನುಗ್ಗೆಸೊಪ್ಪು ಸೇರಿದರೆ ದಿನಕ್ಕೆ ಒಂದೇ ಕ್ಯಾಲ್ಸಿಯಂ ಮಾತ್ರೆ ಸಾಕಾಗಬಹುದು. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಕ್ಯಾಲ್ಸಿಯಂ ಚೆನ್ನಾಗಿ ಹಿಡಿಯುತ್ತದೆ. ಥೈರಾಯ್ಡ್ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ.

ತೋಟ ಬಿಡಬೇಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ! ಬೆನ್ನು ಗೂನು ಮಾಡಿ ಬಗ್ಗಿ, ಭಾರ ಎತ್ತಿ, ಹಾಗೇ ತಿರುಗುವುದನ್ನು ಮಾತ್ರ ಬಿಡಿ. ಬೆನ್ನೆಲುಬು ಕುಸಿಯುವುದು ಹೆಚ್ಚಾಗಿ ಆ ಭಂಗಿಯಲ್ಲೇ. ಕುಂಡಗಳನ್ನು ಕಲ್ಲು ಬೆಂಚಿನ ಎತ್ತರಕ್ಕೆ ಏರಿಸಿ. ಗೊಬ್ಬರದ ಚೀಲ ಎಳೆಯಬೇಡಿ, ಬುಟ್ಟಿಯಲ್ಲಿ ಸ್ವಲ್ಪಸ್ವಲ್ಪ ಒಯ್ಯಿರಿ. ಯೋಗ ಮಾಡುವವರಾದರೆ ಪಶ್ಚಿಮೋತ್ತಾನಾಸನ, ಹಲಾಸನ ಸದ್ಯಕ್ಕೆ ಬೇಡ. ಬರೀ ನಡೆದರೆ ಸಾಲದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ದಿನಾ ಮಾಡಿ. ಅಂಗಳದ ಪಾಚಿ ಮಳೆ ಹಿಡಿಯುವ ಮುಂಚೆಯೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಸವೆದ ಹವಾಯಿ ಚಪ್ಪಲಿ ಬಿಸಾಡಿ. ಬಚ್ಚಲಿನ ದಾರಿಗೆ ರಾತ್ರಿ ಒಂದು ದೀಪ ಇರಲಿ.

ಮುಂದಿನ ಸ್ಕ್ಯಾನ್ ಒಂದೆರಡು ವರ್ಷ ಬಿಟ್ಟು, ಸಾಧ್ಯವಾದಷ್ಟೂ ಇದೇ ಯಂತ್ರದಲ್ಲಿ ಮಾಡಿಸಿ. ಬೇರೆ ಯಂತ್ರದ ಅಂಕಿ ಹೋಲಿಸಲು ಬರುವುದಿಲ್ಲ. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿ, ಸೀರೆಯ ಪಿನ್ನು ಕೊಕ್ಕೆ ಏನಿದ್ದರೂ ತೆಗೆದು ಮಲಗಿ. ಸೊಂಟದ ಸ್ಕ್ಯಾನ್‌ಗೆ ಪಾದವನ್ನು ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟುತ್ತಾರೆ, ಹಿಂದಿನ ಸಲದ ಕಾಲನ್ನೇ ಕೊಡಿ. ಅಂಕಿ ಏರದೆ ಹಾಗೇ ನಿಂತಿದ್ದರೂ ಔಷಧಿ ಕೆಲಸ ಮಾಡಿದೆ ಅಂತಲೇ ಅರ್ಥ.

ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ ಅಕ್ಕ, ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತ ಕೂತು ಬರೆದುಕೊಡುತ್ತೇನೆ.