ಏಪ್ರಿಲ್‌ನಲ್ಲಿ ಎಲೆ ಇರುವ ಮರ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 30–40ರ ಸೈಟಿನ ಮನೆ, ಪಶ್ಚಿಮಕ್ಕೆ ಮುಖ. ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಮುಂದಿನ ಗೋಡೆ ಮುಟ್ಟಿದರೆ ಬಿಸಿ. ಮನೆ ಮುಂದೆ ಒಂದು ಮರ ನೆಡೋಣ ಅಂತಿದ್ದೇನೆ. ಕರೆಂಟ್ ತಂತಿ ರಸ್ತೆಯ ಆಚೆ ಬದಿಗಿದೆ. ನರ್ಸರಿಯವರು ಕೊನೊಕಾರ್ಪಸ್ ಬೇಗ ಬೆಳೆಯುತ್ತೆ ಅಂತಾರೆ. ಮಗಳಿಗೆ ಗುಲ್‌ಮೊಹರ್ ಇಷ್ಟ. ಪಕ್ಕದ ಮನೆಯವರು, ಎಲೆ ಉದುರಿ ಗಲೀಜು, ಬೇರು ಸಂಪು ಒಡೆಯುತ್ತೆ, ಯಾವುದೂ ಬೇಡ ಅಂತಾರೆ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಹೊಂಗೆ ನೆಡಿ ತಾಯಿ. ಯಾಕೆ ಅಂತ ಹೇಳ್ತೀನಿ.

ಮೂವತ್ತೊಂದು ವರ್ಷ ತೋಟದಲ್ಲಿ ಮಾಲಿಯಾಗಿ, ಆಮೇಲೆ ಮೇಸ್ತ್ರಿಯಾಗಿ ಮಣ್ಣು ಕೆದಕಿದವನು ನಾನು. ಮರ ಕೇಳಲು ಬಂದವರೆಲ್ಲ ಹೂವಿನ ಬಣ್ಣ ಕೇಳ್ತಾರೆ. ಏಪ್ರಿಲ್‌ನಲ್ಲಿ ಮೈಮೇಲೆ ಎಲೆ ಇರುತ್ತಾ ಅಂತ ಕೇಳಿದವರು ಕಡಿಮೆ. ನಿಮ್ಮ ಮಗಳ ಗುಲ್‌ಮೊಹರ್ ಚೆಂದವೇ. ಆದರೆ ಬಿಸಿಲು ಏರುವ ಹೊತ್ತಿಗೆ ಅದು ಎಲೆ ಕಳಚಿ ಕಡ್ಡಿಯಾಗಿ ನಿಂತಿರುತ್ತೆ. ಹೊಂಗೆ ಶಿವರಾತ್ರಿ ಆಸುಪಾಸಿಗೆ ಹಳೇ ಎಲೆ ಉದುರಿಸಿ, ಯುಗಾದಿಗೆಲ್ಲ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಚಿಗುರು ಹೊದ್ದುಬಿಡುತ್ತೆ. ಬೇವೂ ಹೆಚ್ಚುಕಮ್ಮಿ ಹಾಗೇ, ಆದರೆ ಅದರ ನೆರಳು ಇಷ್ಟು ದಟ್ಟ ಅಲ್ಲ.

ಎಲೆಯ ಕೆಲಸ ಬರೀ ನೆರಳಲ್ಲ. ಬೇರು ಹೀರಿದ ನೀರನ್ನು ಎಲೆ ಆವಿ ಮಾಡಿ ಬಿಡುತ್ತೆ. 15 ಲೀಟರಿನ ಒಂದು ಕೊಡ ನೀರು ಆವಿಯಾಗುವಾಗ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಾಖ ಎಳೆದುಕೊಳ್ಳುತ್ತೆ. ತಗಡಿನ ಶೀಟಿನ ನೆರಳಿಗೂ ಮರದ ನೆರಳಿಗೂ ಇರುವ ವ್ಯತ್ಯಾಸ ಅಲ್ಲಿದೆ. ನಿಮ್ಮ ಗೋಡೆ, ಎದುರಿನ ಡಾಂಬರು, ಎರಡೂ ಹಗಲು ಕುಡಿದ ಬಿಸಿಯನ್ನು ರಾತ್ರಿ ಕಕ್ಕುತ್ತವೆ. ಬಿಸಿಲು ಅವಕ್ಕೆ ತಾಗದ ಹಾಗೆ ಮೊದಲೇ ತಡೆಯಬೇಕು.

ಕೊನೊಕಾರ್ಪಸ್ ಬೇಡ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡಲೇಬಾರದು ಅಂತ ಸರ್ಕಾರವೇ ಹೇಳಿತು. ಕೊಳವೆ, ಚರಂಡಿ ಹುಡುಕಿಕೊಂಡು ಹೋಗುವ ಬೇರು ಅದರದು. ಕಂಬದ ಅಶೋಕವನ್ನೂ ಯಾರಾದರೂ ಹೇಳಬಹುದು. ಅದರ ನೆರಳಲ್ಲಿ ನಿಲ್ಲೋದೂ ಲೈಟುಕಂಬದ ನೆರಳಲ್ಲಿ ನಿಲ್ಲೋದೂ ಒಂದೇ.

ಸಂಪಿನ ಭಯ ಪೂರ್ತಿ ಸುಳ್ಳಲ್ಲ. ಬಿರುಕು ಬಿಟ್ಟು ಜಿನುಗುವ ಸಂಪಿದ್ದರೆ ಯಾವ ಬೇರಾದರೂ ಅತ್ತ ತಿರುಗುತ್ತೆ. ಹತ್ತಡಿ ದೂರ ಬಿಡಿ, ಸಂಪು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಉದುರಿದ ಎಲೆಗೆ ಪಕ್ಕದವರು ಮುಖ ಸಿಂಡರಿಸಿದರೆ, ಗುಡಿಸಿ ಬುಡಕ್ಕೇ ಹಾಕಿ. ನಮ್ಮಪ್ಪ ಮಂಡ್ಯದ ಗದ್ದೆಗೆ ಹೊಂಗೆ ಸೊಪ್ಪನ್ನು ಗಾಡಿಗಟ್ಟಲೆ ಹೊಡೆದು ತುಳಿಸ್ತಿದ್ದರು. ಅಂಥ ಗೊಬ್ಬರವನ್ನು ಕಸದ ಗಾಡಿಗೆ ಕೊಟ್ಟು ಕಳಿಸೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಈಗ ನನ್ನದೇ ತಪ್ಪು ಹೇಳ್ತೀನಿ. ನಮ್ಮ ಮನೆ ಮುಂದೆ ನೆಟ್ಟ ಮೊದಲ ಹೊಂಗೆಗೆ ಆರು ವರ್ಷ ಆಗಿತ್ತು. ಫುಟ್‌ಪಾತ್ ಮಾಡಲು ಬಂದ ಗುತ್ತಿಗೆದಾರ ಕಾಂಡದವರೆಗೂ ಸಿಮೆಂಟು ಬಳಿದ. ನಾನು ಊರಿಗೆ ಹೋಗಿದ್ದೆ. ಬಂದ ಮೇಲೂ, ನೋಡೋಣ ಅಂತ ಸುಮ್ಮನಿದ್ದೆ. ಮಳೆ ನೀರು ಬುಡಕ್ಕೆ ಇಳಿಯಲಿಲ್ಲ. ಎರಡು ಬೇಸಿಗೆಗೆ ತುದಿಯಿಂದ ಒಣಗಿ ಬಂತು. ಈಗಿರೋದು ಎರಡನೆಯದು. ಅದರ ಸುತ್ತ ನಾಲ್ಕಡಿ ಚೌಕ ಮಣ್ಣು ಬಿಡಿಸಿ, ಇಟ್ಟಿಗೆ ಅಂಚು ಕಟ್ಟಿಸಿದ್ದೀನಿ. ನೀವೂ ಅಷ್ಟು ಜಾಗ ಬಿಡಿಸಿ. ಫುಟ್‌ಪಾತಿನಲ್ಲಿ ನೆಡೋದಾದರೆ ಪಾಲಿಕೆಯವರಿಗೆ ಮೊದಲು ಹೇಳಿ.

ಗುಂಡಿ ಮೇ ತಿಂಗಳಲ್ಲೇ ತೋಡಿಸಿ, ಉದ್ದ ಅಗಲ ಆಳ ಮೂರಡಿ, ಬಿಸಿಲಿಗೆ ಬಿಡಿ. ಎರಡು ಒಳ್ಳೆ ಮಳೆ ಬಿದ್ದ ಮೇಲೆ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು ಕಲಸಿ ತುಂಬಿ, ಐದಾರು ಅಡಿಯ ಗಿಡ ನೆಡಿ. ಹಸುಗಳ ಬಾಯಿಗೆ ಸಿಗದ ಹಾಗೆ ಬೇಲಿ ಬೇಕು. ಮೊದಲ ಮೂರು ಬೇಸಿಗೆ ನಾಲ್ಕು ದಿನಕ್ಕೊಮ್ಮೆ ಎರಡು ಬಕೆಟ್ ನೀರು. ಅಕ್ಕಿ ತೊಳೆದ ನೀರಾದರೂ ಸರಿ.

ತಾರಸಿಗೆ ಮಾತ್ರ ಈ ಮರ ಏನೂ ಮಾಡಲಾರದು. ಏಪ್ರಿಲ್ ಕೊನೆಗೆ ನಮ್ಮ ಮೈಸೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಬರ್ತಾನೆ, ನೆರಳೆಲ್ಲ ಬುಡದಲ್ಲೇ ಮುದುರಿಕೊಳ್ಳುತ್ತೆ. ಅದಕ್ಕೆ ಯುಗಾದಿಗೆ ಮುಂಚೆ ಎರಡು ಕೋಟ್ ಸುಣ್ಣ ಹೊಡೆಸಿ. ಗೋಡೆಗೆ ಹೊಂಗೆ ನೆರಳು ಬರಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಕಿಟಕಿಯ ಮುಂದೆ ತಂತಿ ಕಟ್ಟಿ ತೊಂಡೆ ಬಳ್ಳಿ ಹಬ್ಬಿಸಿ, ಪಲ್ಯಕ್ಕೂ ಆಗುತ್ತೆ.