ಅವನು ಸೋಮಾರಿಯಲ್ಲ

ಡೊಂಬಿವಲಿಯ ತಾಯಿಗೆ,

ನಾಲ್ಕು ತಿಂಗಳ ಕೂಸಾಗಿದ್ದಾಗ ಹಿರ್ಷ್‌ಸ್ಪ್ರಂಗ್ ಕಾಯಿಲೆಗೆ ಆಪರೇಷನ್ ಆದ ನಿಮ್ಮ ಮಗನಿಗೆ ಈಗ ಏಳು ವರ್ಷ. ಶಾಲೆಯಲ್ಲಿ ಚಡ್ಡಿ ಕೊಳೆಯಾಗುತ್ತದೆ, ಅದನ್ನು ವಾಷಿಂಗ್ ಮಷಿನ್ ಹಿಂದೆ ಬಚ್ಚಿಡುತ್ತಾನೆ, ಮನೆಯವರೇ 'ಸೋಮಾರಿ' ಎನ್ನುತ್ತಾರೆ ಎಂದು ಬರೆದಿದ್ದೀರಿ. ಜೀವನವಿಡೀ ಹೀಗೆಯೇ ಎಂದು ಕೇಳಿದ್ದೀರಿ.

ಮೊದಲು ಆ ಬೈಗುಳ ನಿಲ್ಲಬೇಕು. ಕರುಳಿನ ನರಕೋಶಗಳು ಗರ್ಭದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತವೆ. ಸುಮಾರು 5,000 ಕೂಸುಗಳಲ್ಲಿ ಒಂದಕ್ಕೆ ಅವು ಕೊನೆ ಮುಟ್ಟುವುದಿಲ್ಲ; ಇದೇ ಹಿರ್ಷ್‌ಸ್ಪ್ರಂಗ್ ಕಾಯಿಲೆ. ನಿಮ್ಮ ಅತ್ತೆ ಹೇಳುವ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ನರಕೋಶವಿಲ್ಲದ ಭಾಗವನ್ನು ತೆಗೆದು, ಒಳ್ಳೆಯ ಕರುಳನ್ನು ಕೆಳಗೆಳೆದು ಜೋಡಿಸುವ ವಿಧಾನವನ್ನು ಅಮೆರಿಕದ ಸರ್ಜನ್ ಸ್ವೆನ್ಸನ್ 1948ರಲ್ಲಿ ಪ್ರಕಟಿಸಿದರು. ಜೋಡಿಸಿದ ಮೇಲೂ ಗುದದ ಒಳಸ್ನಾಯು ಸಡಿಲವಾಗದೆ ಮಲಬದ್ಧತೆ ಉಳಿಯಬಹುದು. ಗಟ್ಟಿ ಮಲ ತುಂಬಿಕೊಂಡಾಗ ಅದರ ಪಕ್ಕದಿಂದ ನೀರಾದದ್ದು ಸೋರುತ್ತದೆ, ಹುಡುಗನಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಭೇದಿ ಎಂದುಕೊಂಡು ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ಕೊಟ್ಟಿದ್ದೀರಿ. ದಯವಿಟ್ಟು ಅದನ್ನು ನಿಲ್ಲಿಸಿ. ಕೆಲವು ಮಕ್ಕಳಲ್ಲಿ ಕರುಳು ಅತಿ ವೇಗವಾಗಿ ಓಡಿಯೂ ಸೋರುತ್ತದೆ; ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಯಾವುದೆಂದು ಪರೀಕ್ಷಿಸಿ ಹೇಳಬೇಕಾದವರು ಮಕ್ಕಳ ಸರ್ಜನ್.

ಅಲ್ಲಿಯವರೆಗೆ ಊಟವಾದ ಮೇಲೆ ಹತ್ತು ನಿಮಿಷ ಕಮೋಡಿನ ಮೇಲೆ ಕೂರಿಸಿ. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಫ್ಲ್ಯಾಟಿನ ಕಮೋಡಿನಲ್ಲಿ ಮಕ್ಕಳ ಕಾಲು ಜೋತಾಡುತ್ತದೆ, ತಿಣುಕಲು ಬಲ ಸಿಗುವುದಿಲ್ಲ. ಪಾದದಡಿ ಒಂದು ಮಣೆ ಇಡಿ. ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ. ಕೇಳದೆಯೇ ಎದ್ದು ಹೋಗಲು ಅವನಿಗೆ ಅನುಮತಿ ಬೇಕು, ಚೀಲದಲ್ಲಿ ಇನ್ನೊಂದು ಚಡ್ಡಿ ಬೇಕು.

ಹೊಟ್ಟೆ ಉಬ್ಬಿ, ಜ್ವರ, ವಾಂತಿ, ಕೆಟ್ಟ ವಾಸನೆಯ ಭೇದಿ ಬಂದರೆ ಬೆಳಗಿನವರೆಗೂ ಕಾಯಬೇಡಿ. ಅದು ಕರುಳಿನ ಉರಿಯೂತ, ಪ್ರಾಣಕ್ಕೆ ಅಪಾಯ. ಆಪರೇಷನ್ ಆಗಿ ವರ್ಷಗಳ ನಂತರವೂ ಬರಬಹುದು.

ಇನ್ನು ನಿಮ್ಮ ಪ್ರಶ್ನೆ. ದೊಡ್ಡವರಾಗುವವರೆಗೂ ಗಮನಿಸಿದ ಅಧ್ಯಯನಗಳಲ್ಲಿ ಕಂಡಂತೆ, ಹರೆಯಕ್ಕೆ ಬರುವಷ್ಟರಲ್ಲಿ ಬಹಳಷ್ಟು ಮಕ್ಕಳಲ್ಲಿ ಸೋರುವುದು ಕಡಿಮೆಯಾಗುತ್ತದೆ. ಕೆಲವರಿಗೆ ಮಲಬದ್ಧತೆಯೋ ಅಪರೂಪದ ಸೋರಿಕೆಯೋ ಉಳಿಯುತ್ತದೆ. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಹರೆಯದವರೆಗೆ ಸುಮ್ಮನೆ ಕಾಯುತ್ತ ಕೂರಬೇಕಿಲ್ಲ, ಈಗಲೇ ಚಿಕಿತ್ಸೆಯಿದೆ. ಮೂರು ವರ್ಷದಿಂದ ಡಾಕ್ಟರರಲ್ಲಿಗೆ ಹೋಗಿಲ್ಲ ಎಂದಿದ್ದೀರಿ. ಹಳೆಯ ಫೈಲು, ಬಯಾಪ್ಸಿ ವರದಿ ಹುಡುಕಿ ತೆಗೆದಿಡಿ. ಮುಂಬೈ ಲೋಕಲ್ ರೈಲಿನ ನಿಮ್ಮ ಸೆಂಟ್ರಲ್ ಲೈನಿನಲ್ಲೇ ಪರೇಲ್ ಇದೆ. ಅಲ್ಲಿ 1929ರಿಂದ ಮಕ್ಕಳಿಗೆಂದೇ ವಾಡಿಯಾ ಆಸ್ಪತ್ರೆ ಇದೆ. ಹೋದಾಗ ಡಾಕ್ಟರರ ಪ್ರಶ್ನೆಗಳಿಗೆ ಅವನೇ ಉತ್ತರಿಸಲಿ. ಏನಾಯಿತೆಂದು ನನಗೆ ಮತ್ತೆ ಬರೆಯಿರಿ.

— ಸಂಪಾದಕ