ಹಿಂಬಾಲಿಸಿದವರು ಖುಲಾಸೆಯಾದದ್ದು ಹೇಗೆ?

ಪ್ರಶ್ನೆ: ಫ್ಲಾರಿಡಾದಲ್ಲಿ ನಮ್ಮ ಬಡಾವಣೆಯ ಕಾವಲು ತಂಡಕ್ಕೆ ಸೇರಲು ಕರೆದಿದ್ದಾರೆ. ಟ್ರೇವಾನ್ ಮಾರ್ಟಿನ್‌ನನ್ನು ಕೊಂದವರು ಹೇಗೆ ಬಿಡುಗಡೆಯಾದರು? ನಾನು ಏನು ನೆನಪಿಡಬೇಕು?

ಉತ್ತರ: 2012ರ ಫೆಬ್ರವರಿ 26, ಮಳೆಯ ರಾತ್ರಿ. ಸ್ಯಾನ್‌ಫರ್ಡ್‌ನಲ್ಲಿ 17 ವರ್ಷದ ಕಪ್ಪು ಹುಡುಗ ಟ್ರೇವಾನ್ ಅಂಗಡಿಯಿಂದ ಮರಳುತ್ತಿದ್ದ. ಬಳಿಯಿದ್ದದ್ದು ಒಂದು ಪೊಟ್ಟಣ ಸ್ಕಿಟಲ್ಸ್ ಮಿಠಾಯಿ, ಒಂದು ಡಬ್ಬಿ ಹಣ್ಣಿನ ಪಾನೀಯ. ಕಾವಲು ತಂಡದ ಜಾರ್ಜ್ ಜಿಮ್ಮರ್‌ಮನ್ ಪೊಲೀಸರಿಗೆ ಫೋನ್ ಮಾಡಿದರು. ‘ಹಿಂಬಾಲಿಸುತ್ತಿದ್ದೀರಾ?’ ಎಂದು ಕರೆ ಸ್ವೀಕರಿಸಿದವರು ಕೇಳಿದರು. ‘ಹೌದು’ ಎಂದರು ಜಿಮ್ಮರ್‌ಮನ್. ‘ನೀವು ಹಾಗೆ ಮಾಡಬೇಕಿಲ್ಲ’ ಎಂಬ ಉತ್ತರ ಬಂತು. ಕೆಲವೇ ನಿಮಿಷಗಳಲ್ಲಿ ಹೊಡೆದಾಟ, ಜಿಮ್ಮರ್‌ಮನ್ ಹಾರಿಸಿದ ಒಂದು ಗುಂಡು, ಒಂದು ಸಾವು.

ಹಿಂಬಾಲಿಸುವುದೇ ಅಲ್ಲಿ ಅಪರಾಧವಲ್ಲ. ಆತ್ಮರಕ್ಷಣೆಯ ವಾದ ಬಂದ ಮೇಲೆ ಅದು ಸುಳ್ಳೆಂದು ಸಂಶಯಾತೀತವಾಗಿ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಜಗಳ ಶುರುವಾದದ್ದು ಹೇಗೆಂದು ಹೇಳಬಲ್ಲ ಇನ್ನೊಬ್ಬ ಬದುಕಿರಲಿಲ್ಲ. ತೀರ್ಪು ಕೊಡುವ ನಾಗರಿಕರ ತಂಡವಾದ ಆರು ಮಹಿಳೆಯರ ಜ್ಯೂರಿ 2013ರ ಜುಲೈ 13ರಂದು ಖುಲಾಸೆ ಮಾಡಿತು. ಅಪಾಯ ಎದುರಾದಾಗ ಹಿಂದೆ ಸರಿಯದೆ ಎದುರಿಸಬಹುದು ಎನ್ನುವ ‘ಸ್ಟ್ಯಾಂಡ್ ಯುವರ್ ಗ್ರೌಂಡ್’ ಕಾಯ್ದೆಯ ವಿಚಾರಣಾಪೂರ್ವ ರಕ್ಷಣೆಯನ್ನು ಜಿಮ್ಮರ್‌ಮನ್ ಕೇಳಿರಲಿಲ್ಲ. ಆದರೆ ಹಿಂದೆ ಸರಿಯುವ ಕರ್ತವ್ಯವಿಲ್ಲ ಎಂಬ ಮಾತು ಜ್ಯೂರಿಗೆ ಕೊಟ್ಟ ಸೂಚನೆಯಲ್ಲಿತ್ತು. ದೇಶವೇ ಚರ್ಚಿಸಿದ ಜನಾಂಗದ ಪ್ರಶ್ನೆ ನ್ಯಾಯಾಲಯದೊಳಗೆ ಬಂದದ್ದು ಬಹಳ ಕಡಿಮೆ. ನನಗೆ ಇದೇ ಹೆಚ್ಚು ನೋವಿನ ಸಂಗತಿ.

ತಂಡ ಸೇರಿ, ಆದರೆ ಬಂದೂಕು ಮನೆಯಲ್ಲೇ ಇರಲಿ. ಕಾರಿನಿಂದ ಇಳಿಯಬೇಡಿ, ಬೆನ್ನು ಹತ್ತಬೇಡಿ. ಸಮಯ, ಹೋದ ದಿಕ್ಕು, ವಾಹನದ ನಂಬರ್ ಬರೆದುಕೊಂಡು ಪೊಲೀಸರಿಗೆ ಹೇಳಿ. ‘ಕಿಟಕಿ ಕೀಳಲು ಯತ್ನಿಸುತ್ತಿದ್ದಾನೆ’ ಎಂಬುದು ಮಾಹಿತಿ. ‘ಇಲ್ಲಿಯವನಂತೆ ಕಾಣುವುದಿಲ್ಲ’ ಎಂಬುದು ಬರೀ ಪೂರ್ವಗ್ರಹ.